ಪಾರ್ಸೆಲ್ ಡಿಪೊದ ಗೇಟು, ಗೇಟಿನೊಳಗಿನ ಜನ

ಪಾರ್ಸೆಲ್ ಡಿಪೊದ ಕೆಲಸ ರಾತ್ರಿಯೇ ಹೆಚ್ಚು. ದೂರದ ಊರುಗಳಿಂದ ಬರುವ ದೊಡ್ಡ ಲಾರಿಗಳು ಸಂಜೆಯಿಂದ ನಸುಕಿನವರೆಗೆ ಸರಕು ಇಳಿಸುತ್ತಲೇ ಇರುತ್ತವೆ. ಕನ್ವೇಯರ್ ಬೆಲ್ಟಿನ ಮೇಲೆ ಪೊಟ್ಟಣಗಳು ಬಡಾವಣೆವಾರು ವಿಂಗಡಣೆಯಾಗುತ್ತವೆ. ಬೆಳಗಾಗುವ ಹೊತ್ತಿಗೆ ಸಣ್ಣ ವ್ಯಾನುಗಳು ತುಂಬಿಕೊಂಡು ಮನೆಮನೆಗೆ ಹೊರಡುತ್ತವೆ. ಹೀಗಾಗಿ ಇಲ್ಲಿನ ಗೇಟಿಗೆ ಬಿಡುವೆಂಬುದಿಲ್ಲ. ಒಂದು ಕಡೆ ಲಾರಿಗಳ ಗೇಟು, ಇನ್ನೊಂದು ಕಡೆ ನೌಕರರ ಗೇಟು, ಅದರಾಚೆ ನೌಕರರ ವಾಹನ ನಿಲ್ಲಿಸುವ ಬಯಲು. ಪಾಳಿ ಬದಲಾಗುವಾಗ ಒಳಹೋಗುವವರು, ಹೊರಬರುವವರು, ಊಟದ ಬಿಡುವಿಗೆ ಬಂದವರು ಎಲ್ಲರೂ ಕೆಲವು ನಿಮಿಷ ಒಂದೇ ಕಡೆ ಸೇರುತ್ತಾರೆ. ಕಾಯಂ ನೌಕರರ ಜೊತೆಗೆ ಗುತ್ತಿಗೆ ಕಂಪನಿಯ ಡ್ರೈವರುಗಳು, ಹಬ್ಬದ ಸೀಸನ್ನಿಗೆಂದು ಎರಡು ತಿಂಗಳ ಮಟ್ಟಿಗೆ ಬಂದವರು, ಲಾರಿಯ ಕ್ಲೀನರುಗಳು, ಯಂತ್ರ ರಿಪೇರಿಯವರು ಹೀಗೆ ಮುಖಪರಿಚಯವಿಲ್ಲದ ಜನ ದಿನವೂ ಬಂದುಹೋಗುವ ಜಾಗವಿದು. ಇಂಥ ಕಡೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ತಡೆಯಬೇಕು, ಅನಾಹುತವಾದಾಗ ಒಳಗಿದ್ದವರು ಎತ್ತ ಓಡಬೇಕು ಎಂಬುದನ್ನು ಮೊದಲೇ ಯೋಚಿಸಿಟ್ಟಿರಬೇಕು.

ಆದರೆ ಬಹುಪಾಲು ಡಿಪೊಗಳ ಗೇಟು ಹುಟ್ಟಿದ್ದೇ ಬೇರೆ ಉದ್ದೇಶಕ್ಕೆ. ಅಂಗೈಯಗಲದ ಪೊಟ್ಟಣದಲ್ಲಿ ಮೂವತ್ತು ಸಾವಿರದ ಮೊಬೈಲು ಇರಬಹುದು. ಅದು ಜೇಬಿನಲ್ಲಿ ಹೊರಹೋಗದಂತೆ ನೋಡಿಕೊಳ್ಳುವುದು ಗೇಟಿನ ಮೊದಲ ಕೆಲಸ. ಅದಕ್ಕೇ ತಪಾಸಣೆ ಒಳಬರುವಾಗ ಇರುವುದಕ್ಕಿಂತ ಹೊರಹೋಗುವಾಗ ಬಿಗಿ. ಅಮೆರಿಕದ ನೆವಾಡಾದಲ್ಲಿ ಅಮೆಜಾನ್ ಗೋದಾಮುಗಳಲ್ಲಿ ದುಡಿಯುತ್ತಿದ್ದವರು, ಪಾಳಿ ಮುಗಿದ ಮೇಲೂ ಈ ತಪಾಸಣೆಗೆಂದು ಸುಮಾರು 25 ನಿಮಿಷ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ, ಆ ಹೊತ್ತಿಗೂ ಕೂಲಿ ಕೊಡಿಸಿ ಎಂದು ದಾವೆ ಹೂಡಿದ್ದರು. 2014ರ ಡಿಸೆಂಬರ್ 9ರಂದು ಅಲ್ಲಿನ ಸುಪ್ರೀಂ ಕೋರ್ಟು ಸರ್ವಾನುಮತದಿಂದ ಅದನ್ನು ತಳ್ಳಿಹಾಕಿತು. ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ಪ್ರಕಾರ, ಆ ತಪಾಸಣೆ ಗೋದಾಮಿನ ಕೆಲಸದ ಅವಿಭಾಜ್ಯ ಅಂಗವಲ್ಲ. 2020ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ, ಆಪಲ್ ಅಂಗಡಿಗಳ ನೌಕರರ ಪ್ರಕರಣದಲ್ಲಿ, ತನ್ನ ರಾಜ್ಯದ ಕಾನೂನಿನಡಿ ಇದಕ್ಕೆ ತದ್ವಿರುದ್ಧವಾದ ನಿಲುವು ತಾಳಿತು. ಕೂಲಿಯ ಪ್ರಶ್ನೆ ಏನೇ ಇರಲಿ, ಇಕ್ಕಟ್ಟಾದ ಒಂದೇ ಬಾಗಿಲಿನ ಮುಂದೆ ನೂರಾರು ಜನರನ್ನು ಸಾಲುಗಟ್ಟಿಸುವುದು ಸುರಕ್ಷತೆಯ ದೃಷ್ಟಿಯಿಂದಲೂ ಒಳ್ಳೆಯ ಏರ್ಪಾಡಲ್ಲ.

ಇದರ ಪರಮಾವಧಿಯನ್ನು ನ್ಯೂಯಾರ್ಕ್ ನಗರ 1911ರ ಮಾರ್ಚ್ 25ರಂದೇ ಕಂಡಿತ್ತು. ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಬಟ್ಟೆ ಕಾರ್ಖಾನೆಯಲ್ಲಿ ಹೆಣ್ಣುಮಕ್ಕಳ ಕೈಚೀಲ ನೋಡಿ ಕಳುಹಿಸಲು ಅನುಕೂಲವಾಗಲಿ ಎಂದು ಎಲ್ಲರೂ ಒಂದೇ ಬಾಗಿಲಿನಿಂದ ಹೊರಹೋಗಬೇಕಿತ್ತು, ಇನ್ನೊಂದು ಬಾಗಿಲಿಗೆ ಬೀಗ. ಬೆಂಕಿ ಬಿದ್ದಾಗ ಆ ಬೀಗ ತೆರೆಯಲಿಲ್ಲ. ಸತ್ತವರು 146 ಮಂದಿ. ತುರ್ತು ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಕೈ ಇಲ್ಲದೆ, ಒಂದು ಸಲ ತಳ್ಳಿದರೆ ತೆರೆದುಕೊಳ್ಳಬೇಕೆಂಬ ಇಂದಿನ ನಿಯಮದ ಹಿಂದೆ ಇಂಥ ದುರಂತಗಳಿವೆ. ಹಾಗಿದ್ದೂ ಇವತ್ತಿನ ಗೋದಾಮುಗಳಲ್ಲಿ ತುರ್ತು ಬಾಗಿಲಿನ ಮುಂದೆ ರಟ್ಟಿನ ಪೆಟ್ಟಿಗೆಗಳ ರಾಶಿ, ಹಿಡಿಕೆಗೆ ಸುತ್ತಿದ ಸರಪಳಿ ಕಾಣಸಿಗುವುದು ಅಪರೂಪವಲ್ಲ. ಕಳ್ಳತನ ತಡೆಯಲು ಬೇರೆ ದಾರಿಗಳಿವೆ. ಬಾಗಿಲು ತೆರೆದ ತಕ್ಷಣ ಗಂಟೆ ಬಾರಿಸುವ ಅಲಾರಂ ಇಟ್ಟರೆ ಸರಕಿನ ಕಾವಲೂ ಆಗುತ್ತದೆ, ಜನರ ದಾರಿಯೂ ಮುಚ್ಚುವುದಿಲ್ಲ.

ಪಾರ್ಸೆಲ್ ಡಿಪೊದ ಗೇಟಿನ ಬಗ್ಗೆ ಈಚಿನ ವರ್ಷಗಳಲ್ಲಿ ಹೆಚ್ಚು ಚರ್ಚೆ ಎಬ್ಬಿಸಿದ್ದು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಘಟನೆ. 2021ರ ಏಪ್ರಿಲ್ 15, ಗುರುವಾರ. ರಾತ್ರಿ ಹನ್ನೊಂದು ದಾಟಿತ್ತು. ವಿಮಾನ ನಿಲ್ದಾಣದ ಹತ್ತಿರದ ಫೆಡೆಕ್ಸ್ ಗ್ರೌಂಡ್ ಕೇಂದ್ರದಲ್ಲಿ ಹಿಂದೊಮ್ಮೆ ಕೆಲಸಕ್ಕಿದ್ದ 19 ವರ್ಷದ ಯುವಕನೊಬ್ಬ ಕಾರಿನಲ್ಲಿ ಬಂದ. ರೈಫಲ್ ಹಿಡಿದು ವಾಹನ ನಿಲ್ಲಿಸುವ ಜಾಗದಲ್ಲೇ ಗುಂಡು ಹಾರಿಸತೊಡಗಿದ. ಆಮೇಲೆ ಕಟ್ಟಡದೊಳಕ್ಕೆ ಹೆಜ್ಜೆಯಿಟ್ಟು, ಕೊನೆಗೆ ತಾನೂ ಗುಂಡು ಹಾರಿಸಿಕೊಂಡು ಸತ್ತ. ಎಂಟು ಮಂದಿ ಪ್ರಾಣ ಕಳೆದುಕೊಂಡರು; ನಾಲ್ವರು ಹೊರಗೆ, ನಾಲ್ವರು ಒಳಗೆ. ಆ ಕೇಂದ್ರದಲ್ಲಿ ಪಂಜಾಬಿನಿಂದ ಹೋಗಿ ನೆಲೆಸಿದ ಸಿಖ್ ಕುಟುಂಬಗಳವರು ಬಹಳ ಮಂದಿ ಇದ್ದರು. ಮಡಿದವರಲ್ಲಿ ನಾಲ್ವರು ಸಿಖ್ಖರು. ಪೊಲೀಸರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಂದು ರಾತ್ರಿ ಆ ಕುಟುಂಬಗಳು ಪಟ್ಟ ಪಾಡು ಸುರಕ್ಷತೆಯ ಇನ್ನೊಂದು ಮಗ್ಗುಲನ್ನು ತೋರಿಸಿತು. ಕೆಲಸದ ಜಾಗದಲ್ಲಿ ಮೊಬೈಲು ಇಟ್ಟುಕೊಳ್ಳಲು ಬಹುತೇಕರಿಗೆ ಅವಕಾಶವಿರಲಿಲ್ಲ. ಬೆಲ್ಟು, ಫೋರ್ಕ್‌ಲಿಫ್ಟುಗಳ ನಡುವೆ ಗಮನ ಚೆದುರಬಾರದು ಎಂಬುದು ಕಂಪನಿ ಕೊಟ್ಟ ಕಾರಣ, ಮತ್ತು ಆ ಕಾರಣದಲ್ಲಿ ಹುರುಳಿಲ್ಲದಿಲ್ಲ. ಆದರೆ ಬದುಕಿ ಉಳಿದವರಿಗೆ ಮನೆಗೆ ಒಂದು ಮಾತು ಹೇಳಲು ಫೋನಿಲ್ಲ. ಮನೆಯವರು ಹತ್ತಿರದ ಹೋಟೆಲೊಂದರಲ್ಲಿ ಕುಳಿತು, ತಮ್ಮವರು ಇದ್ದಾರೋ ಇಲ್ಲವೋ ತಿಳಿಯದೆ ಗಂಟೆಗಟ್ಟಲೆ ಕಾದರು. ಫೋನು ಬೇಡವೆನ್ನುವ ನಿಯಮ ಮಾಡಿದ ಸಂಸ್ಥೆ ಅದರ ಬದಲಿಗೆ ಏನನ್ನು ಕೊಡುತ್ತದೆ ಎಂಬುದು ಇಲ್ಲಿ ಮುಖ್ಯ. ಪ್ರತಿ ವಿಭಾಗದಲ್ಲೂ ಎಲ್ಲರ ಕೈಗೆಟುಕುವ ಒಂದು ಫೋನು, ಕಟ್ಟಡವಿಡೀ ಕೇಳುವ ಧ್ವನಿವರ್ಧಕ, ಬೆಲ್ಟಿನ ಸದ್ದಿನಲ್ಲೂ ಕಣ್ಣಿಗೆ ಬೀಳುವ ಮಿನುಗು ದೀಪ ಇವು ಇಲ್ಲದಿದ್ದರೆ ಫೋನ್ ನಿಷೇಧದಿಂದ ಒಂದು ಅಪಾಯ ತಪ್ಪಿದರೂ ಇನ್ನೊಂದು ಬಂದು ಕೂರುತ್ತದೆ.

ಗೇಟು ಕಟ್ಟುವವರು ಗಮನಿಸಬೇಕಾದ ಅಂಶ, ನಾಲ್ಕು ಸಾವುಗಳು ಗೇಟಿನ ಹೊರಗೇ ಸಂಭವಿಸಿದವು ಎಂಬುದು. ಗುರುತಿನ ಚೀಟಿ ತೋರಿಸಿ ದಾಟುವ ತಿರುಗುಗೇಟು ಕಟ್ಟಡದ ಬಾಗಿಲಲ್ಲಿದ್ದರೆ ಅದರ ರಕ್ಷಣೆ ಶುರುವಾಗುವುದು ಅಲ್ಲಿಂದಲೇ. ಕಾರಿನಿಂದ ಇಳಿದು ನಡೆದು ಬರುವವರು, ಬಿಡುವಿನಲ್ಲಿ ಕಾರಿನೊಳಗೆ ಕುಳಿತು ಊಟ ಮಾಡುವವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ವಾಹನದ ಬಯಲಿಗೂ ಬೇಲಿ, ಬೆಳಕು, ಕ್ಯಾಮೆರಾ, ಒಳಬರುವ ಪ್ರತಿ ವಾಹನವನ್ನು ನಿಲ್ಲಿಸಿ ನೋಡುವ ವ್ಯವಸ್ಥೆ ಇದ್ದರೆ ಅಪಾಯ ಬಾಗಿಲಿಗೆ ಬರುವ ಮುನ್ನವೇ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ಹಾಗೆ ಸಿಕ್ಕ ಒಂದೆರಡು ನಿಮಿಷ ಸಣ್ಣದಲ್ಲ. ಅಮೆರಿಕದ ಎಫ್‌ಬಿಐ 2000ದಿಂದ 2013ರವರೆಗಿನ ಇಂಥ 160 ಗುಂಡಿನ ದಾಳಿಗಳನ್ನು ಅಧ್ಯಯನ ಮಾಡಿತ್ತು. ಎಷ್ಟು ಹೊತ್ತು ನಡೆಯಿತೆಂದು ಖಚಿತವಾಗಿ ಹೇಳಬಹುದಾಗಿದ್ದ 63 ಪ್ರಕರಣಗಳಲ್ಲಿ 44 ಐದು ನಿಮಿಷದೊಳಗೆ, ಅವುಗಳಲ್ಲೂ 23 ಎರಡೇ ನಿಮಿಷದೊಳಗೆ ಮುಗಿದಿದ್ದವು. ಹೊರಗಿನಿಂದ ನೆರವು ಬರುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ.

ಗೇಟು ತಡೆಯಬಲ್ಲದ್ದಕ್ಕೂ ಮಿತಿಯಿದೆ. 2014ರ ಏಪ್ರಿಲ್ 29ರ ಮುಂಜಾನೆ ಜಾರ್ಜಿಯಾ ರಾಜ್ಯದ ಕೆನಸಾ ಪಟ್ಟಣದ ಫೆಡೆಕ್ಸ್ ಕೇಂದ್ರದಲ್ಲಿ ಅಲ್ಲಿಯದೇ ನೌಕರ ಆರು ಮಂದಿಯನ್ನು ಗಾಯಗೊಳಿಸಿ ತಾನು ಸತ್ತ. ಗಾಯಗೊಂಡವರಲ್ಲಿ ಸೆಕ್ಯುರಿಟಿ ಗಾರ್ಡ್ ಕೂಡ ಒಬ್ಬ. ಅದೇ ವರ್ಷ ಸೆಪ್ಟೆಂಬರ್ 23ರಂದು ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ, ಕೆಲಸ ಕಳೆದುಕೊಂಡಿದ್ದ ಯುಪಿಎಸ್ ಚಾಲಕನೊಬ್ಬ ಕಂಪನಿಯ ಕಂದು ಸಮವಸ್ತ್ರದಲ್ಲೇ ಬಂದು ಇಬ್ಬರು ಮೇಲ್ವಿಚಾರಕರನ್ನು ಕೊಂದು ತಾನೂ ಸತ್ತ. 2017ರ ಜೂನ್ 14ರಂದು ಸ್ಯಾನ್ ಫ್ರಾನ್ಸಿಸ್ಕೊದ ಯುಪಿಎಸ್ ಡಿಪೊದಲ್ಲಿ ವ್ಯಾನುಗಳು ಹೊರಡುವ ಮುನ್ನ ಡ್ರೈವರುಗಳು ಸೇರುವ ಬೆಳಗಿನ ಸಭೆಯಲ್ಲಿ ಒಬ್ಬ ಡ್ರೈವರೇ ಮೂವರು ಸಹೋದ್ಯೋಗಿಗಳ ಪ್ರಾಣ ತೆಗೆದ. ಗುಂಡು ಹಾರಿಸಿದ ಈ ಮೂವರೂ ಗೇಟಿನ ಪಾಲಿಗೆ ಅಪರಿಚಿತರಲ್ಲ. ಒಬ್ಬನ ಹತ್ತಿರ ಚಾಲ್ತಿಯಲ್ಲಿರುವ ಗುರುತಿನ ಚೀಟಿ, ಇನ್ನೊಬ್ಬನ ಮೈಮೇಲೆ ಕಂಪನಿಯ ಅಂಗಿ. ಪರಿಚಯದ ಮುಖ, ಪರಿಚಯದ ಬಟ್ಟೆ ಕಂಡರೆ ಕಾವಲುಗಾರ ತಲೆಯಾಡಿಸಿ ಬಿಡುವುದು ಎಲ್ಲೆಡೆಯ ರೂಢಿ. ಎಲ್ಲ ಬಿಗಿ ವ್ಯವಸ್ಥೆಯೂ ಸಡಿಲಾಗುವುದು ಅಲ್ಲಿಯೇ.

ಆದ್ದರಿಂದ ಕೆಲಸ ಬಿಟ್ಟವರ, ಬಿಡಿಸಿದವರ ವಿಷಯದಲ್ಲಿ ಡಿಪೊಗಳು ಪಾಲಿಸಬೇಕಾದ ಕ್ರಮಗಳು ಸರಳವಾದರೂ ಬಿಟ್ಟುಹೋಗುವುದೇ ಹೆಚ್ಚು. ಕಾರ್ಡು ಅದೇ ಗಳಿಗೆಯಲ್ಲಿ ರದ್ದಾಗಬೇಕು. ಸಮವಸ್ತ್ರ, ಬೀರುವಿನ ಕೀಲಿ ಹಿಂದಕ್ಕೆ ಬರಬೇಕು. ರಾತ್ರಿ ಪಾಳಿಯ ಗಾರ್ಡಿಗೂ ಆ ಸುದ್ದಿ ಮುಟ್ಟಬೇಕು. ಬೆಳಿಗ್ಗೆ ಆಫೀಸಿನಲ್ಲಿ ಆದ ತೀರ್ಮಾನ ರಾತ್ರಿಯ ಗೇಟಿಗೆ ತಲುಪದಿರುವುದು ದೊಡ್ಡ ಸಂಸ್ಥೆಗಳಲ್ಲೂ ಸಾಮಾನ್ಯ. ಇದಕ್ಕಿಂತ ಮುಖ್ಯವಾದದ್ದು ಕೆಲಸದಿಂದ ತೆಗೆಯುವ ರೀತಿ. ಎಲ್ಲರೆದುರು ಅವಮಾನಿಸಿ, ಬಾಕಿ ಸಂಬಳ ಸತಾಯಿಸಿ ಕಳುಹಿಸುವುದು ಅನ್ಯಾಯ. ಅದು ಅಪಾಯಕ್ಕೂ ದಾರಿ. ಕಾರಣ ತಿಳಿಸಿ, ಲೆಕ್ಕ ಚುಕ್ತಾ ಮಾಡಿ, ಮೇಲ್ಮನವಿಗೆ ಅವಕಾಶವಿಟ್ಟು ಕಳುಹಿಸುವ ಸಂಸ್ಥೆ ತನ್ನ ಉಳಿದ ನೌಕರರನ್ನೂ ಕಾಯುತ್ತದೆ. ಹಾಗೆಂದು ಕೆಲಸ ಕಳೆದುಕೊಂಡ ಪ್ರತಿಯೊಬ್ಬರನ್ನೂ ಸಂಶಯದಿಂದ ನೋಡುವುದು ಸಲ್ಲದು. ಅವರಲ್ಲಿ ಬಹುಪಾಲು ಮಂದಿ ಮುಂದಿನ ಕೆಲಸ ಹುಡುಕಿಕೊಂಡು ತಮ್ಮ ಪಾಡಿಗೆ ತಾವು ಹೋಗುವವರು.

ಇಂಡಿಯಾನಾಪೊಲಿಸ್ ಪ್ರಕರಣದಲ್ಲಿ ಮುನ್ಸೂಚನೆಯೂ ಇತ್ತು. ಒಂದು ವರ್ಷ ಮೊದಲೇ, 2020ರ ಮಾರ್ಚಿನಲ್ಲಿ, ಆ ಯುವಕನ ತಾಯಿಯೇ ಮಗನ ಮನಃಸ್ಥಿತಿಗೆ ಹೆದರಿ ಪೊಲೀಸರಿಗೆ ತಿಳಿಸಿದ್ದರು. ಪೊಲೀಸರು ಅವನಲ್ಲಿದ್ದ ಒಂದು ಬಂದೂಕನ್ನು ವಶಪಡಿಸಿಕೊಂಡರು. ಅಪಾಯಕಾರಿ ಎಂದು ಕಂಡವರ ಕೈಗೆ ಬಂದೂಕು ಸಿಗದಂತೆ ತಡೆಯುವ ಕಾನೂನು ಇಂಡಿಯಾನಾದಲ್ಲಿ 2005ರಿಂದಲೇ ಇದೆ. ಆದರೆ ಅದರಡಿ ನ್ಯಾಯಾಲಯದ ವಿಚಾರಣೆಗೆ ಸರ್ಕಾರಿ ವಕೀಲರ ಕಚೇರಿ ಅರ್ಜಿ ಹಾಕಲಿಲ್ಲ. ಮುಂದಿನ ಕೆಲವೇ ತಿಂಗಳಲ್ಲಿ ಆತ ಕಾನೂನುಬದ್ಧವಾಗಿಯೇ ಎರಡು ರೈಫಲ್ ಕೊಂಡ. ತಾಯಿ ಕೊಟ್ಟ ಎಚ್ಚರಿಕೆ ಕಡತದಲ್ಲೇ ಉಳಿಯಿತು. ಡಿಪೊದೊಳಗೂ ಹೀಗೆಯೇ ಆಗುತ್ತದೆ. ಬೆದರಿಕೆಯ ಮಾತಾಡಿದವನ ಬಗ್ಗೆ ಜೊತೆಯವರಿಗೆ ಗೊತ್ತಿರುತ್ತದೆ. ಹೇಳಿದರೆ ತಮ್ಮ ಕೆಲಸಕ್ಕೆ ಕುತ್ತು ಬಂದೀತೆಂದು, ಇಲ್ಲವೇ ಹೇಳಿದರೂ ಯಾರೂ ಕಿವಿಗೊಡರೆಂದು ಸುಮ್ಮನಿರುತ್ತಾರೆ. ಹೆಸರು ಬಯಲಾಗದಂತೆ ದೂರು ಕೊಡುವ ದಾರಿ, ಬಂದ ದೂರನ್ನು ಇಂಥವರೇ ಇಷ್ಟು ದಿನದೊಳಗೆ ವಿಚಾರಿಸಬೇಕೆಂಬ ಕಟ್ಟುಪಾಡು ಎರಡೂ ಬೇಕು.

ಗೇಟಿನಲ್ಲಿ ನಿಂತವನ ಸ್ಥಿತಿಯೂ ಈ ವಿಚಾರದ ಭಾಗ. ಅಪಾಯಕ್ಕೆ ಮೊದಲು ಎದುರಾಗುವವನು ಅವನು, ಸಾಮಾನ್ಯವಾಗಿ ಅಲ್ಲಿ ಕಡಿಮೆ ಸಂಬಳದವನೂ ಅವನೇ. ಖಾಸಗಿ ಗಾರ್ಡಿಗೆ ಪೊಲೀಸರ ಅಧಿಕಾರವಿಲ್ಲ. ನೋಡುವುದು, ಬರೆದುಕೊಳ್ಳುವುದು, ತಿಳಿಸುವುದು ಅವನ ಕೆಲಸ. ಭಾರತದಲ್ಲಿ 2005ರ ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆಯ ಮಾದರಿ ನಿಯಮಗಳ ಪ್ರಕಾರ ಗಾರ್ಡಿಗೆ ಕನಿಷ್ಠ 100 ಗಂಟೆಯ ತರಗತಿ ಪಾಠ, 60 ಗಂಟೆಯ ಕ್ಷೇತ್ರ ತರಬೇತಿ ಆಗಬೇಕು, ಅದು ಕನಿಷ್ಠ 20 ಕೆಲಸದ ದಿನಗಳಲ್ಲಿ ಹರಡಿರಬೇಕು. ಗುರುತಿನ ದಾಖಲೆ ಪರಿಶೀಲನೆ, ಬೆಂಕಿ ನಂದಿಸುವುದು, ಜನಸಂದಣಿಯ ನಿರ್ವಹಣೆ, ಪ್ರಥಮ ಚಿಕಿತ್ಸೆ, ಸ್ಫೋಟಕ ಗುರುತಿಸುವುದು ಎಲ್ಲವೂ ಆ ಪಠ್ಯದಲ್ಲಿವೆ. ಕಾಗದದ ಮೇಲೆ ಇದು ಒಳ್ಳೆಯ ತರಬೇತಿ. ನಿನ್ನೆ ಊರಿನಿಂದ ಬಂದವನಿಗೆ ಇವತ್ತು ಅಂಗಿ ತೊಡಿಸಿ ಹನ್ನೆರಡು ಗಂಟೆ ನಿಲ್ಲಿಸಿದರೆ ಆ ನಿಯಮಕ್ಕೆ ಅರ್ಥ ಉಳಿಯುವುದಿಲ್ಲ. ಹಿಂಬದಿಯಿಂದ ಇನ್ನೊಬ್ಬ ಒತ್ತಿಕೊಂಡು ನುಸುಳಿದಾಗ ತಡೆಯುವ ಧೈರ್ಯ ಬರಬೇಕಾದರೆ, ಮ್ಯಾನೇಜರನ ಕಾರನ್ನು ತಡೆದರೂ ತನ್ನ ಕೆಲಸ ಹೋಗದು ಎಂಬ ಭರವಸೆ ಅವನಿಗಿರಬೇಕು. ಕೂರಲು ಕುರ್ಚಿ, ಎರಡೂ ಕಡೆ ಕಾಣುವ ಕ್ಯಾಬಿನ್, ಒತ್ತಿದರೆ ಒಳಗೆಲ್ಲ ಕೇಳುವ ಎಚ್ಚರಿಕೆಯ ಗುಂಡಿ, ತನಗೇ ಅಪಾಯ ಬಂದಾಗ ಓಡಲು ಹಿಂದಿನ ಬಾಗಿಲು ಇವೂ ಬೇಕು.

ಪೊಟ್ಟಣದೊಳಗಿನ ಅಪಾಯವನ್ನು ಗೇಟು ನೋಡಲಾರದು. 2018ರ ಮಾರ್ಚ್ 20ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಟೆಕ್ಸಾಸಿನ ಷರ್ಟ್ಜ್ ಪಟ್ಟಣದ ಫೆಡೆಕ್ಸ್ ಕೇಂದ್ರದಲ್ಲಿ ಬೆಲ್ಟಿನ ಮೇಲೆಯೇ ಒಂದು ಪಾರ್ಸೆಲ್ ಬಾಂಬು ಸಿಡಿಯಿತು. ಆಸ್ಟಿನ್ ನಗರದಲ್ಲಿ ಸರಣಿಯಾಗಿ ಬಾಂಬಿಟ್ಟವನೇ ಅದನ್ನೂ ಕಳುಹಿಸಿದ್ದ. ಅಲ್ಲಿ ಪ್ರಾಣಹಾನಿಯಾಗಲಿಲ್ಲ. ಸೋರುವ, ವಾಸನೆ ಬರುವ, ತಂತಿ ಕಾಣುವ ಪೊಟ್ಟಣವನ್ನು ಮುಟ್ಟದೆ ಬೆಲ್ಟು ನಿಲ್ಲಿಸುವ ಹಕ್ಕು ಸಾಲಿನಲ್ಲಿ ನಿಂತ ಪ್ರತಿಯೊಬ್ಬ ವಿಂಗಡಣೆಗಾರನಿಗೂ ಇರಬೇಕು. ಗಂಟೆಗೆ ಇಷ್ಟು ಪೊಟ್ಟಣ ಎಂಬ ಗುರಿಯ ಒತ್ತಡದಲ್ಲಿ ಆ ಹಕ್ಕನ್ನು ಬಳಸಲು ಜನ ಹಿಂಜರಿಯುತ್ತಾರೆ.

ಒಳಬಂದವರ, ಹೊರಹೋದವರ ಹೆಸರು ಬರೆಯುವ ಗೇಟಿನ ಪುಸ್ತಕಕ್ಕೆ ಇರುವ ನಿಜವಾದ ಬೆಲೆ ತಿಳಿದದ್ದು ಬಂದೂಕಿನ ದಾಳಿಯಿಂದಲ್ಲ, ಒಂದು ಸುಂಟರಗಾಳಿಯಿಂದ. 2021ರ ಡಿಸೆಂಬರ್ 10ರ ರಾತ್ರಿ ಇಲಿನಾಯ್ ರಾಜ್ಯದ ಎಡ್ವರ್ಡ್ಸ್‌ವಿಲ್ಲಿನ ಅಮೆಜಾನ್ ಡೆಲಿವರಿ ಡಿಪೊದ ಮೇಲೆ ಸುಂಟರಗಾಳಿ ಎರಗಿ ಗೋಡೆ, ಚಾವಣಿ ಕುಸಿದವು. ಆರು ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಗುತ್ತಿಗೆ ಕಂಪನಿಗಳ ಡ್ರೈವರುಗಳು. ಅದು ವ್ಯಾನುಗಳು ಸುತ್ತು ಮುಗಿಸಿ ಮರಳುವ ಹೊತ್ತು. ಆ ಗಳಿಗೆಯಲ್ಲಿ ಕಟ್ಟಡದೊಳಗೆ ಎಷ್ಟು ಜನ ಇದ್ದರೆಂದು ರಕ್ಷಣೆಗೆ ಬಂದವರಿಗೆ ತಕ್ಷಣ ಖಚಿತವಾಗಿ ತಿಳಿಯಲಿಲ್ಲ. ಅವಶೇಷಗಳಡಿ ಇನ್ನೆಷ್ಟು ಜನರನ್ನು ಹುಡುಕಬೇಕೆಂಬ ಪ್ರಶ್ನೆಗೆ ಉತ್ತರವಿಲ್ಲದೆ ಹುಡುಕಾಟ ನಡೆಯಿತು. ಅಮೆರಿಕದ ಕೇಂದ್ರ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಒಶಾ 2022ರ ಏಪ್ರಿಲಿನಲ್ಲಿ ಕಂಪನಿಗೆ ಬರೆದ ಎಚ್ಚರಿಕೆಯ ಪತ್ರದಲ್ಲಿ ಕೆಲವು ವಿವರಗಳಿವೆ. ಎಲ್ಲರೂ ಆಸರೆಯ ಜಾಗಕ್ಕೆ ಹೋಗಿ ಎಂದು ಕೂಗಿ ಹೇಳಲು ಇಟ್ಟಿದ್ದ ಮೆಗಾಫೋನು ಬೀಗ ಹಾಕಿದ ಜಾಲರಿಯೊಳಗೆ ಇತ್ತು, ಬೇಕಾದಾಗ ಕೈಗೆ ಸಿಗಲಿಲ್ಲ. ಆಸರೆಯ ಜಾಗ ಯಾವುದೆಂದು ಕೆಲವು ನೌಕರರಿಗೆ ನೆನಪಿರಲಿಲ್ಲ. ಕಟ್ಟಡದ ಉತ್ತರಕ್ಕಿದ್ದ ಗೊತ್ತಾದ ಜಾಗಕ್ಕೆ ಹೋಗುವ ಬದಲು ಕೆಲವರು ದಕ್ಷಿಣದ ಶೌಚಾಲಯದಲ್ಲಿ ಅಡಗಿದರು. ಮೆಗಾಫೋನು ಕಳುವಾಗದಿರಲಿ ಎಂದು ಬೀಗ ಹಾಕಿರಬಹುದು. ಬೀಗ ಹಾಕುವುದು ಡಿಪೊದ ಅಭ್ಯಾಸವಾಗಿಬಿಟ್ಟರೆ ಯಾವುದಕ್ಕೆ ಹಾಕಬಾರದು ಎಂಬ ವಿವೇಚನೆ ಉಳಿಯುವುದಿಲ್ಲ.

ಒಳಬಂದವರ, ಹೊರಹೋದವರ ಲೆಕ್ಕ ನಿಮಿಷ ನಿಮಿಷಕ್ಕೂ ಸರಿಯಾಗಿರಬೇಕು. ಅದು ಕಾಯಂ ನೌಕರರಿಗೆ ಮಾತ್ರವಲ್ಲ, ವ್ಯಾನು ನಿಲ್ಲಿಸಿ ಐದು ನಿಮಿಷ ಶೌಚಕ್ಕೆ ಒಳಬಂದ ಗುತ್ತಿಗೆ ಡ್ರೈವರಿಗೂ ಅನ್ವಯಿಸಬೇಕು. ಕಂಪ್ಯೂಟರಿನಲ್ಲಿರುವ ಆ ಪಟ್ಟಿಯ ಒಂದು ಪ್ರತಿ ಕರೆಂಟು ಹೋದಾಗಲೂ ಸಿಗುವಂತೆ ಗೇಟಿನಾಚೆಗೂ ಇರಬೇಕು. ತೆರವು ಮಾಡಿದವರು ಸೇರುವ ಜಾಗ ಲಾರಿಗಳ ದಾರಿಗೆ ಅಡ್ಡ ಬರಬಾರದು. ವರ್ಷಕ್ಕೊಮ್ಮೆ ಹಗಲು ಪಾಳಿಯವರಿಗೆ ಕವಾಯತು ಮಾಡಿಸಿ ಫೋಟೊ ತೆಗೆದರೆ ರಾತ್ರಿ ಪಾಳಿಯವರಿಗೆ ಏನೂ ಕಲಿಸಿದಂತಾಗುವುದಿಲ್ಲ.

ದಿನನಿತ್ಯದ ಲೆಕ್ಕದಲ್ಲಿ ಡಿಪೊದ ಆವರಣದಲ್ಲಿ ಜನರನ್ನು ಹೆಚ್ಚಾಗಿ ಗಾಯಗೊಳಿಸುವುದು ಬಂದೂಕೂ ಅಲ್ಲ, ಗಾಳಿಯೂ ಅಲ್ಲ. ಹಿಮ್ಮುಖವಾಗಿ ಚಲಿಸುವ ಲಾರಿ, ಫೋರ್ಕ್‌ಲಿಫ್ಟು, ಭಾರ ಎತ್ತುವ ಕೆಲಸ. ಗೇಟಿನಲ್ಲೇ ನಡೆಯುವವರ ದಾರಿ ಬೇರೆ, ವಾಹನದ ದಾರಿ ಬೇರೆ ಎಂದು ವಿಂಗಡಿಸಿ, ಆವರಣದೊಳಗೆ ವಾಹನಗಳು ಒಂದೇ ದಿಕ್ಕಿನಲ್ಲಿ ಸುತ್ತಿ ಬರುವಂತೆ ಮಾಡಿದರೆ ಹಿಮ್ಮುಖ ಚಲನೆ ಕಡಿಮೆಯಾಗುತ್ತದೆ. ಸರಕು ಇಳಿಸುವ ಕಟ್ಟೆಗೆ ಲಾರಿ ಒತ್ತಿ ನಿಂತಾಗ ಬ್ರೇಕು ಹಾಕಿ ಹಿಂದಿನ ಚಕ್ರಕ್ಕೆ ಅಡ್ಡೆ ಕೊಡಬೇಕೆಂಬುದು ಒಶಾ ನಿಯಮ. ಡ್ರೈವರು ಕೆಲಸ ಮುಗಿಯಿತೆಂದು ತಪ್ಪು ತಿಳಿದು ಲಾರಿ ಮುಂದಕ್ಕೆ ಸರಿಸಿದರೆ ಕಟ್ಟೆಗೂ ಲಾರಿಗೂ ನಡುವೆ ತೆರೆಯುವ ಕಂದಕಕ್ಕೆ ಫೋರ್ಕ್‌ಲಿಫ್ಟು ಸಮೇತ ನೌಕರ ಬೀಳುತ್ತಾನೆ. ಇಳಿಸುವುದು ಮುಗಿಯುವ ತನಕ ಲಾರಿಯ ಕೀಲಿಯನ್ನು ಗೇಟಿನ ಅಥವಾ ಕಟ್ಟೆಯ ಮೇಸ್ತ್ರಿಯ ಬಳಿ ಇರಿಸುವ ಪದ್ಧತಿಗೆ ಖರ್ಚು ಬಹುತೇಕ ಇಲ್ಲವೇ ಇಲ್ಲ.

ಕರ್ನಾಟಕದಲ್ಲಿ ಹೊಸಕೋಟೆ, ನೆಲಮಂಗಲ, ಆನೇಕಲ್ ಸುತ್ತ ಎದ್ದಿರುವ ಗೋದಾಮುಗಳಲ್ಲಿ ಬಂದೂಕಿನ ಭಯ ಇಲ್ಲವೆನ್ನಬಹುದು. ಇಲ್ಲಿ ಗೇಟಿನ ಹೊರಗಿನ ಅಪಾಯ ಬೇರೆ ರೂಪದ್ದು. 2005ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ರಾತ್ರಿ ಪಾಳಿಗೆ ಕರೆದೊಯ್ಯಲು ಬಂದ ಕ್ಯಾಬಿನ ಚಾಲಕನೇ ಕೊಂದಾಗ, ಉದ್ಯೋಗದಾತರ ಹೊಣೆ ಕಚೇರಿಯ ಬಾಗಿಲಿಗೆ ಮುಗಿಯುವುದಿಲ್ಲ ಎಂಬ ಮಾತು ದೇಶದುದ್ದಕ್ಕೂ ಕೇಳಿಬಂತು. ವಾಹನದ ನಂಬರು, ಚಾಲಕನ ಹೆಸರು ಬರೆದಿಡುವುದು, ರಾತ್ರಿ ಕ್ಯಾಬಿನಲ್ಲಿ ಗಾರ್ಡು ಕೂರಿಸುವುದು ಐಟಿ ಕಂಪನಿಗಳಲ್ಲಿ ರೂಢಿಗೆ ಬಂದವು. ರಾಜ್ಯದಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ಅನುಮತಿ ಸಿಗುವುದೂ ಸಾರಿಗೆ, ಭದ್ರತೆಯ ಷರತ್ತುಗಳೊಂದಿಗೆ. ಹೆದ್ದಾರಿ ಬದಿಯ ಗೋದಾಮಿನಿಂದ ರಾತ್ರಿ ಹತ್ತಕ್ಕೆ ಹೊರಬಂದು ಕತ್ತಲಲ್ಲಿ ರಸ್ತೆ ದಾಟಿ ಬಸ್ಸಿಗೆ ಕಾಯುವ ವಿಂಗಡಣೆಯ ಹೆಣ್ಣುಮಕ್ಕಳಿಗೂ ಅದೇ ಷರತ್ತು ಅದೇ ಕಟ್ಟುನಿಟ್ಟಿನಲ್ಲಿ ಸಲ್ಲಬೇಕು. ಗೇಟಿನ ಹೊರಗೆ ದೀಪವಿರುವ ಬಸ್ ತಂಗುದಾಣ, ರಸ್ತೆ ದಾಟಲು ಸುರಕ್ಷಿತ ಜಾಗ ಮಾಡಿಸುವುದು ಪಂಚಾಯಿತಿಯ ಕೆಲಸವೆಂದು ಕಂಪನಿ, ಕಂಪನಿಯ ಕೆಲಸವೆಂದು ಪಂಚಾಯಿತಿ ಹೇಳುತ್ತ ಕೂತರೆ ನಡುವೆ ನೋಯುವವರು ಅವರೇ.

ಕಾನೂನು ಏನು ಹೇಳುತ್ತದೆ? ಅಮೆರಿಕದ 1970ರ ಕಾರ್ಮಿಕ ಸುರಕ್ಷತಾ ಕಾಯ್ದೆ, ಸಾವು ಅಥವಾ ತೀವ್ರ ಗಾಯಕ್ಕೆ ಕಾರಣವಾಗಬಲ್ಲ, ತಿಳಿದಿರುವ ಅಪಾಯಗಳಿಂದ ಕೆಲಸದ ಜಾಗವನ್ನು ಮುಕ್ತವಾಗಿಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿದೆ. 2021ರ ಮೇ 26ರಂದು ಸ್ಯಾನ್ ಹೋಸೆ ನಗರದ ಲಘು ರೈಲು ಡಿಪೊದಲ್ಲಿ ನೌಕರನೊಬ್ಬ ಒಂಬತ್ತು ಸಹೋದ್ಯೋಗಿಗಳನ್ನು ಕೊಂದ ಮೇಲೆ ರೂಪುಗೊಂಡ ಕಾನೂನು 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹೆಚ್ಚಿನ ಸಂಸ್ಥೆಗಳು ಕೆಲಸದ ಜಾಗದ ಹಿಂಸೆ ತಡೆಯುವ ಯೋಜನೆಯನ್ನು ನೌಕರರ ಜೊತೆ ಕೂತು ಬರೆದಿಡಬೇಕು, ವರ್ಷವರ್ಷವೂ ತರಬೇತಿ ಕೊಡಬೇಕು, ನಡೆದ ಪ್ರತಿ ಘಟನೆಯನ್ನೂ ದಾಖಲಿಸಬೇಕು. ಗೇಟು ಎಲ್ಲಿ ಸಡಿಲಾಗಿದೆ ಎಂಬುದು ದಿನವೂ ಅದನ್ನು ದಾಟುವವರಿಗೆ ಗೊತ್ತಿರುವುದರಿಂದ, ನೌಕರರ ಜೊತೆ ಕೂತು ಎಂಬ ಅಂಶಕ್ಕೆ ತೂಕ ಹೆಚ್ಚು. ಭಾರತದಲ್ಲಿ 2020ರ ಔದ್ಯೋಗಿಕ ಸುರಕ್ಷತೆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದ್ದು, ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಬೈಕಿನಲ್ಲಿ ಪೊಟ್ಟಣ ಹಂಚುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದೆ. ಡಿಪೊದ ಸುರಕ್ಷತಾ ಯೋಜನೆಯಲ್ಲಿ ಗಾರ್ಡು ಏಜೆನ್ಸಿಯವನೆಂದು, ಡ್ರೈವರು ಗುತ್ತಿಗೆಯವನೆಂದು, ಹಂಚುವ ಹುಡುಗ ಆ್ಯಪಿನವನೆಂದು ಬಿಟ್ಟುಬಿಡುವ ಪದ್ಧತಿ ಹೋಗಬೇಕು. ಆ ಆವರಣದೊಳಗೆ ಕಾಲಿಟ್ಟವರೆಲ್ಲರಿಗೂ ಒಂದೇ ಯೋಜನೆ, ಒಂದೇ ಹಾಜರಿ ಪಟ್ಟಿ, ಒಂದೇ ಕವಾಯತು ಇರಬೇಕು, ಮತ್ತು ಅದರ ಹೊಣೆ ಡಿಪೊ ನಡೆಸುವ ಸಂಸ್ಥೆಯ ಹೆಸರಿನಲ್ಲೇ ಬರೆದಿರಬೇಕು.